ಮಣ್ಣಿಗೆ ಬೆರಳಿಡುವವರು

ಮನೆಗೆ ಬಂದವರು ಕೂರುವ ಮೊದಲೇ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾರಲ್ಲ, ಅದನ್ನು ಇನ್ನು ನಾನು ಸಹಿಸುವುದಿಲ್ಲ. ಮೊನ್ನೆ ಒಬ್ಬರು ಹಾಗೆ ಚುಚ್ಚಿ, ಬೆರಳನ್ನು ನಮ್ಮ ಕಿಟಕಿಯ ಪರದೆಗೇ ಒರೆಸಿ, "ನೀರು ಸಾಲ್ತಿಲ್ಲ ಕಣ್ರೀ, ನೋಡಿ ಹೇಗೆ ಜೋತುಬಿದ್ದಿದೆ" ಎಂದರು. ಅವರು ಹೋದ ಮೇಲೆ ಬಂದ ಇನ್ನೊಬ್ಬರು ಅದೇ ಗಿಡ ನೋಡಿ, "ಅಯ್ಯೋ, ನೀರು ಜಾಸ್ತಿ ಸುರಿದಿದ್ದೀರಿ" ಎಂದರು. ತಮಾಷೆಯೆಂದರೆ ಇಬ್ಬರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ನೀರಿಲ್ಲದಿದ್ದರೆ ಎಲೆ ಜೋಲುತ್ತದೆ. ನೀರು ಜಾಸ್ತಿಯಾದರೂ ಜೋಲುತ್ತದೆ, ಏಕೆಂದರೆ ಮಣ್ಣಿನಲ್ಲಿ ಗಾಳಿಗೆ ಜಾಗವಿಲ್ಲದೆ ಉಸಿರುಕಟ್ಟಿದ ಬೇರು ನೀರಲ್ಲೇ ಮುಳುಗಿದ್ದರೂ ಅದನ್ನು ಮೇಲಕ್ಕೆ ಎಳೆಯಲಾರದು. ಎರಡು ಕಾಯಿಲೆಗೂ ಒಂದೇ ಮುಖ. ಗಿಡ ಸ್ವಲ್ಪ ಬೇರೆ ಮುಖಭಾವ ಕಲಿತಿದ್ದರೆ ಎಷ್ಟೋ ಮನೆಗಳಲ್ಲಿ ಜಗಳ ಕಡಿಮೆಯಾಗುತ್ತಿತ್ತು.

ಮನೆಗೆ ಎಂಥ ಗಿಡ ತರಬೇಕು ಎಂಬುದರ ಬಗ್ಗೆ ನನ್ನದೇ ಒಂದು ಸಿದ್ಧಾಂತವಿದೆ. ಅದನ್ನು ಬರೆಯೋಣ ಎಂದೇ ಕೂತದ್ದು. ಆದರೆ ನೀರಿನ ಮಾತು ಬಂತಲ್ಲ, ಅದಕ್ಕೆ ಮೊದಲು ಲಂಡನ್ನಿನ ಒಬ್ಬ ಡಾಕ್ಟರ ವಿಷಯ ಹೇಳಿಬಿಡುತ್ತೇನೆ.

ಅವರ ಹೆಸರು ನಥಾನಿಯಲ್ ವಾರ್ಡ್. ಜರಿಗಿಡ ಎಂದರೆ ಪ್ರಾಣ. ಆದರೆ ಊರು ತುಂಬ ಕಲ್ಲಿದ್ದಲಿನ ಹೊಗೆ, ಎಷ್ಟು ಆರೈಕೆ ಮಾಡಿದರೂ ಹಿತ್ತಲಿನ ಗಿಡ ಉಳಿಯುತ್ತಿರಲಿಲ್ಲ. 1829ರಲ್ಲಿ ಈ ಮನುಷ್ಯ ಗಿಡದ ತಂಟೆ ಬಿಟ್ಟು, ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯೊಳಗೆ ಇಟ್ಟು ಮುಚ್ಚಳ ಹಾಕಿದರು. ಕೋಶದಿಂದ ಪತಂಗ ಹೊರಬರುವುದನ್ನು ನೋಡುವ ಆಸೆ. (ಈ ಕಥೆ ಹೇಳುವವರೆಲ್ಲ ಪತಂಗವನ್ನು ಇಲ್ಲಿಗೇ ಕೈಬಿಡುತ್ತಾರೆ, ನಾನೂ ಬಿಡುತ್ತೇನೆ.) ಸ್ವಲ್ಪ ದಿನಕ್ಕೆ ಆ ಮಣ್ಣಿನಲ್ಲಿ ಒಂದು ಜರಿಗಿಡ, ಒಂದು ಹುಲ್ಲು ಮೊಳೆತವು. ವರ್ಷಗಟ್ಟಲೆ ಹಿತ್ತಲಿನಲ್ಲಿ ಉಪಚಾರ ಮಾಡಿಸಿಕೊಂಡು ಸತ್ತ ಜಾತಿ, ಯಾರೂ ಕರೆಯದ ಕಡೆ ತಾನಾಗಿ ಬಂದು ಕೂತಿತ್ತು! ಬಿಸಿಲೇರಿದಾಗ ಮಣ್ಣಿನ ತೇವ ಮೇಲೆದ್ದು ಗಾಜಿಗೆ ಹನಿಗಟ್ಟುವುದು, ಆಮೇಲೆ ಅದೇ ಹನಿ ಇಳಿದು ಮಣ್ಣು ಸೇರುವುದು, ಹೀಗೆ ಇದ್ದಷ್ಟು ನೀರೇ ಒಳಗೊಳಗೆ ಸುತ್ತಾಡಿಕೊಂಡು ಹೆಚ್ಚುಕಡಿಮೆ ನಾಲ್ಕು ವರ್ಷ ಎರಡೂ ಬದುಕಿದವು. ಹುಲ್ಲು ಒಮ್ಮೆ ಹೂವನ್ನೂ ಬಿಟ್ಟಿತು. ಕೊನೆಗೆ ಡಾಕ್ಟರು ಊರಲ್ಲಿಲ್ಲದಾಗ ಮುಚ್ಚಳ ತುಕ್ಕು ಹಿಡಿದು, ಮಳೆನೀರು ಒಳಗೆ ನುಗ್ಗಿ, ಎರಡೂ ಸತ್ತುಹೋದವು. ನೀರು ಜಾಸ್ತಿಯಾಗಿ. ಈ ಭಾಗ ಬಂದಾಗಲೆಲ್ಲ ನನಗೆ ಅಯ್ಯೋ ಅನಿಸಬೇಕು, ಆದರೆ ಒಳಗೊಳಗೆ ಒಂಥರಾ ಖುಷಿಯಾಗುತ್ತದೆ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1833ರಲ್ಲಿ ವಾರ್ಡ್ ಅದೇ ಉಪಾಯದ ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಜರಿಗಿಡ, ಹುಲ್ಲು ತುಂಬಿಸಿ ಹಡಗಿನಲ್ಲಿ ಸಿಡ್ನಿಗೆ ಕಳಿಸಿದರು. ಅಲ್ಲಿಯವರೆಗೆ ಸಮುದ್ರ ದಾಟಬೇಕಾದ ಗಿಡಗಳಲ್ಲಿ ಮುಕ್ಕಾಲುಪಾಲು ಉಪ್ಪುನೀರಿನ ತುಂತುರಿಗೋ ಸಿಹಿನೀರಿನ ಬರಕ್ಕೋ ದಾರಿಯಲ್ಲೇ ಸಾಯುತ್ತಿದ್ದವು. ಇವು ತಿಂಗಳುಗಟ್ಟಲೆ ಪಯಣ ಮಾಡಿ ಹಸಿರಾಗಿಯೇ ಇಳಿದವು. ಆಮೇಲೆ ರಾಬರ್ಟ್ ಫಾರ್ಚೂನ್ ಎಂಬ ಸಸ್ಯಸಂಗ್ರಾಹಕ ಚೀನಾದ ಚಹಾ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದೂ ಇಂಥ ಪೆಟ್ಟಿಗೆಗಳಲ್ಲೇ. ಇದಕ್ಕೆಲ್ಲ ಗಾಜು ಕಾರಣ, ತೇವ ಕಾರಣ ಎಂದು ತಿಳಿದವರು ವಿವರಿಸುತ್ತಾರೆ. ಇರಬಹುದು. ನನಗೆ ಕಾಣುವ ದೊಡ್ಡ ಕಾರಣವೇ ಬೇರೆ: ನಡುಸಮುದ್ರದಲ್ಲಿ ಗಿಡ ನೋಡಲು ನೆಂಟರು ಬರುವುದಿಲ್ಲ.

ಇನ್ನು ತಳದಲ್ಲಿ ತೂತಿಲ್ಲದ ಕುಂಡ. ಇದನ್ನು ಮಾಡುವವರು ಯಾರು, ಮಾಡುವಾಗ ಏನು ಯೋಚಿಸುತ್ತಿರುತ್ತಾರೆ? ನೋಡಲು ಚಂದ, ಉಡುಗೊರೆ ಕೊಡಲು ಇನ್ನೂ ಚಂದ. "ತೂತಿಲ್ಲವಲ್ಲ" ಎಂದರೆ "ಕೆಳಗೆ ಒಂದು ಪದರ ಜಲ್ಲಿ ಹಾಕಿ, ಸಾಕು" ಎನ್ನುತ್ತಾರೆ. ಸಾಕಾಗುವುದಿಲ್ಲ ಸ್ವಾಮಿ. ನುಣ್ಣನೆ ಮಣ್ಣಿನಲ್ಲಿ ಹಿಡಿದುಕೊಂಡ ನೀರು, ಆ ಮಣ್ಣು ಪೂರ್ತಿ ನೆನೆಯುವವರೆಗೆ, ಕೆಳಗಿನ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಭಾಗ ಬೇರಿಗೆ ಇನ್ನೂ ಹತ್ತಿರ ಬಂದಂತಾಯಿತು, ಅಷ್ಟೇ. ಇದನ್ನು ಹೇಳಿದರೆ ಎದುರಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಹೇಳದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಸಿದ್ಧಾಂತ ಹೇಳಲಿಲ್ಲ ಅಲ್ವಾ? ಹೇಳುತ್ತೇನೆ. ಜನ ನರ್ಸರಿಗೆ ಹೋಗಿ ಹೂ ನೋಡಿ ಗಿಡ ಆರಿಸುತ್ತಾರೆ. ಮೈತುಂಬ ಹೂ ಬಿಟ್ಟ ಗಿಡವನ್ನೇ ಎತ್ತಿಕೊಂಡು ಬಂದು, ವಾರದಲ್ಲಿ ಹೂ ಉದುರಿದ ಮೇಲೆ ಮೋಸಹೋದವರ ಹಾಗೆ ಕೂರುತ್ತಾರೆ. ಮೊಗ್ಗು ಜಾಸ್ತಿ ಇರುವುದನ್ನು ಆರಿಸಿ. ಎಲೆ ತಿರುಗಿಸಿ ನೋಡಿ, ಗೆಣ್ಣಿನ ಸಂದಿಯಲ್ಲಿ ಬೆಳ್ಳಗೆ ಅಂಟಿಕೊಂಡಿದ್ದರೆ ಅದು ಹಿಟ್ಟುತಿಗಣೆ, ಒಂದು ಗಿಡದ ಜೊತೆ ಮನೆಗೆ ಬಂದರೆ ಎಲ್ಲ ಗಿಡಗಳ ಪರಿಚಯ ಮಾಡಿಕೊಳ್ಳುತ್ತದೆ. ಹೊಸ ಗಿಡವನ್ನು ಎರಡು ವಾರವಾದರೂ ಉಳಿದವುಗಳಿಂದ ದೂರವಿಡಿ. ಇದೆಲ್ಲ ಯಾರು ಬೇಕಾದರೂ ಹೇಳುವ ಮಾತು, ಸಿದ್ಧಾಂತ ಇದಲ್ಲ. ಅದು ಬಿಸಿಲಿಗೆ ಸಂಬಂಧಪಟ್ಟದ್ದು. ನಮಗೆ ಬೇಕಾದ ಗಿಡ ಯಾವುದು ಎಂದು ಕೇಳಬಾರದು, ನಮ್ಮಲ್ಲಿ ಬೀಳುವ ಬಿಸಿಲಿಗೆ ಯಾವ ಗಿಡ ಬೇಕು ಎಂದು...

ಇಷ್ಟು ಹೇಳಿದರೆ ಸಾಕು, ಮನೆಯಲ್ಲಿ ಎಲ್ಲರೂ ಗುಲಾಬಿ ಎನ್ನುತ್ತಾರೆ. ಗುಲಾಬಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಅಷ್ಟು ಬಿಸಿಲು ಬೀಳುವ ಜಾಗ ನಮ್ಮಲ್ಲಿ ಇರುವುದು ಒಂದೇ. ಅಲ್ಲಿ ಬಟ್ಟೆ ಒಣಗಬೇಕು, ಮತ್ತು ಆ ಜಾಗದ ಬಗ್ಗೆ ಮನೆಯಲ್ಲಿ ಚರ್ಚೆಗೆ ಅವಕಾಶವಿಲ್ಲ.