ಬಾಗಿಲಿನ ಕೀಲು ಮುಂಬದಿಗಿರಲಿ
ಮನೆಯಲ್ಲೇ ಕಟ್ಟುವ ಕ್ಯಾಂಪರ್ ಟ್ರೇಲರಿಗೆ (ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಗಾಡಿ) ಪ್ಲೈವುಡ್ ಬಾಗಿಲೇ ಸಾಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಕೊಟ್ಟ ಸಲಹೆಯನ್ನು, ಪುಣೆಯಿಂದ ಆಂಬೋಲಿ ಘಾಟಿನ ಮೂಲಕ ಮಳೆಗಾಲದಲ್ಲಿ ಗೋವಾಕ್ಕೆ ಹೋಗಿಬಂದ ನಾನು ಒಪ್ಪಲಾರೆ. ನಮ್ಮ ಮೊದಲ ಬಾಗಿಲು ಕೆಳ ಅಂಚಿನಲ್ಲಿ ನೀರು ಕುಡಿದು ಉಬ್ಬಿ, ಸಾವಂತವಾಡಿ ತಲುಪುವಷ್ಟರಲ್ಲಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಎರಡೂ ಕೈಯಿಂದ ಎಳೆದರೂ ತೆರೆಯಲಿಲ್ಲ.

ಈಗಿನದು ಅಲ್ಯುಮಿನಿಯಂ ಬಾಗಿಲು. ಕೂರಿಸುವ ಮೊದಲು ತೆರಪಿನ ಎರಡೂ ಕರ್ಣಗಳನ್ನು ಅಳೆದು, ಅವು ಸಮವಿರುವುದನ್ನು ಖಚಿತಪಡಿಸಿಕೊಂಡು, ಚೌಕಟ್ಟಿನ ಅಂಚಿನಡಿ ನೀರು ಒಳನುಗ್ಗದಂತೆ ತಡೆಯುವ ಮೆತ್ತನೆಯ ಅಂಟುಪಟ್ಟಿಯಾದ ಬ್ಯುಟೈಲ್ ಟೇಪ್ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಸಿದೆವು.

ಲೇಖನದಲ್ಲಿ ಬಿಟ್ಟುಹೋದ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪಕ್ಕದ ಬಾಗಿಲಿನ ಕೀಲುಗಳು ಗಾಡಿ ಸಾಗುವ ದಿಕ್ಕಿನ ಅಂಚಿಗಿರಬೇಕು; ಆಗ ಚಿಲಕ ಸಡಿಲಿದರೂ ಎದುರುಗಾಳಿಯು ಬಾಗಿಲನ್ನು ಮುಚ್ಚುವತ್ತಲೇ ತಳ್ಳುತ್ತದೆ. ಬಾಗಿಲು ಎಡಬದಿಗಿದ್ದರೆ ಮಕ್ಕಳು ವಾಹನಗಳತ್ತ ಇಳಿಯದೆ ರಸ್ತೆಯಂಚಿಗೆ ಇಳಿಯುತ್ತಾರೆ.