ಹದಿನಾರು ವೋಲ್ಟಿನ ಪದ್ಮಿನಿ

ನನ್ನ ಹತ್ತಿರ ಒಂದು ಪ್ರೀಮಿಯರ್ ಪದ್ಮಿನಿ ಕಾರು ಇದೆ. ಕುರ್ಲಾದಲ್ಲಿ ಹುಟ್ಟಿದ್ದು. 1089 ಸಿಸಿ, ಹೊಸದರಲ್ಲಿ ಸುಮಾರು 40 ಕುದುರೆಗಳ ಶಕ್ತಿ. ಅದರಲ್ಲಿ ಎಷ್ಟು ಕುದುರೆ ಈಗ ಮೇಯಲು ಹೋಗಿವೆಯೋ ಲೆಕ್ಕ ಇಟ್ಟಿಲ್ಲ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆ ಬಿಟ್ಟಾಗ ಊರೆಲ್ಲ ಕಣ್ಣೀರು ಹಾಕಿತು. ನಾನು ಸೈಲೆನ್ಸರ್ ದಪ್ಪ ಮಾಡಿಸಿ, ಬಾನೆಟ್ ಮೇಲೆ ಎರಡು ಬಿಳಿ ಪಟ್ಟೆ ಎಳೆಸಿದೆ. ಅಂದಿನಿಂದ ಅದು ರೇಸ್ ಕಾರು. ನಮ್ಮ ಸೊಸೈಟಿಯಲ್ಲಿ ಹಾಗೆ ಕರೆಯುವವನು ನಾನೊಬ್ಬನೇ.

ಒಂದು ರಾತ್ರಿ ನಿದ್ದೆ ಬರದೆ ವಿಡಿಯೋ ನೋಡುತ್ತಿದ್ದೆ. ಅಮೆರಿಕದ ಡ್ರ್ಯಾಗ್ ರೇಸಿನವರು, ಅಂದರೆ ನೇರ ದಾರಿಯಲ್ಲಿ ಚುಟುಕು ಓಟ ಓಡಿಸುವವರು, 16 ವೋಲ್ಟ್ ಬ್ಯಾಟರಿ ಹಾಕುತ್ತಾರಂತೆ. ನಮ್ಮ ಬ್ಯಾಟರಿಯಲ್ಲಿ ಎರಡೆರಡು ವೋಲ್ಟಿನ ಆರು ಕೋಣೆ, ಅವರದರಲ್ಲಿ ಎಂಟು. ಸ್ಟಾರ್ಟರ್ ಜೋರಾಗಿ ತಿರುಗುತ್ತದೆ, ಕಿಡಿ ಗಟ್ಟಿಯಾಗಿ ಬರುತ್ತದೆ. ಅಷ್ಟು ಸಾಕಾಯಿತು. ವಿಡಿಯೋದ ಉಳಿದರ್ಧ ನೋಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕುರ್ಲಾದ ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಗಾಲ್ಫ್ ಗಾಡಿಯ 8 ವೋಲ್ಟಿನ ಬ್ಯಾಟರಿ ಎರಡು ಸಿಕ್ಕವು. ಒಂದೊಂದೂ ಅಕ್ಕಿ ಮೂಟೆ ಭಾರ. ಎರಡನ್ನೂ ಡಿಕ್ಕಿಯಲ್ಲಿಟ್ಟು ಸರಣಿಯಾಗಿ ಜೋಡಿಸಿ ಎಂದೆ. ನಮ್ಮ ಡೊಂಬಿವಲಿಯ ವೈರಿಂಗ್‌ನವನು ತಲೆ ಕೆರೆದುಕೊಂಡು, "ಸಾಹೇಬ, ಕಶಾಲಾ?" ಅಂದ. ಯಾಕೆ ಅಂತ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ಇಡೀ ಪ್ರಕರಣದಲ್ಲಿ ಬೇರೆ ಯಾರೂ ಕೇಳಲಿಲ್ಲ.

ಮರುದಿನ ಕೀಲಿ ತಿರುಗಿಸಿದೆ. ಪದ್ಮಿನಿ ಬೆಚ್ಚಿಬಿದ್ದು ಎದ್ದಂತೆ ಸ್ಟಾರ್ಟ್ ಆಯಿತು! ಹಾರ್ನ್ ಒತ್ತಿದರೆ ಮೂರನೇ ಮಹಡಿಯ ಅಜ್ಜಿ ಹೊರಗೆ ಬಂದರು. ವೈಪರ್ ಎರಡು ಕೈಯಲ್ಲಿ ಜಾಗಟೆ ಬಾರಿಸುವವನ ಹಾಗೆ ಓಡಿತು. 55 ವ್ಯಾಟಿನ ಹೆಡ್‌ಲೈಟು 16 ವೋಲ್ಟಿಗೆ, ಕಾಗದದ ಲೆಕ್ಕದಲ್ಲಿ, ಹತ್ತಿರ ಹತ್ತಿರ 98 ವ್ಯಾಟಿನಷ್ಟು ಉರಿಯುತ್ತದೆ. ವೋಲ್ಟೇಜು ಮೂರನೇ ಒಂದು ಪಾಲು ಏರಿದರೆ ಉರಿ ಮುಕ್ಕಾಲು ಪಾಲಿಗೂ ಜಾಸ್ತಿ ಏರಬೇಕು, ವೋಲ್ಟೇಜಿನ ವರ್ಗದ ಲೆಕ್ಕ; ನಿಜದಲ್ಲಿ ಸ್ವಲ್ಪ ಕಡಿಮೆ. ಎಡಗಡೆಯದು ಅದೇ ರಾತ್ರಿ 'ಟಪ್' ಅಂತ ಹೋಯಿತು. ಬಲಗಡೆಯದು ಧೈರ್ಯವಂತ ಅಂದುಕೊಂಡೆ.

ಆ ಶನಿವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕವಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ, ಮಾವ. ಮಳೆ. ಹೆಂಡತಿ, "ರೀ, ಟ್ರೇನಲ್ಲೇ ಹೋಗೋಣ" ಅಂದಳು. ರೇಸ್ ಕಾರ್ ಇಟ್ಟುಕೊಂಡವನು ಟ್ರೇನಲ್ಲಿ ಹೋಗುತ್ತಾನೆಯೇ?

ಶಿಲ್‌ಫಾಟಾ ಜಾಮಿನಲ್ಲಿ ಬಲಗಡೆಯ ಧೈರ್ಯವಂತನ ಬೆಳಕು ಹಳದಿಯಾಯಿತು. ವೈಪರ್ ಏಕಾದಶಿ ಉಪವಾಸ ಹಿಡಿದಂತೆ ತೆವಳಿತು. ಎಂಜಿನ್ ಎರಡು ಸಲ ಬಿಕ್ಕಿ ನಿಂತಿತು. ಕೀಲಿ ತಿರುಗಿಸಿದರೆ 'ಟಿಕ್'. ಅಷ್ಟೇ. ಹಿಂದಿನವರ ಹಾರ್ನುಗಳು ಮಾತ್ರ 12 ವೋಲ್ಟಿನಲ್ಲೇ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದವು.

"ಆಲ್ಟರ್ನೇಟರ್ ಬದಲಾಯಿಸಿದ್ರಾ ಅಳಿಯಂದ್ರೇ?" ಮಾವ ಹಿಂದಿನಿಂದ ಮೆತ್ತಗೆ ಕೇಳಿದರು.

ಇಲ್ಲ.

ವಿಡಿಯೋದ ಉಳಿದರ್ಧ ಅಲ್ಲಿತ್ತು. ನಮ್ಮ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಯಂತ್ರ, 14 ವೋಲ್ಟಿನ ಆಸುಪಾಸಿಗೆ ಕೈ ಎತ್ತುತ್ತದೆ. ಎಂಟು ಕೋಣೆಯ ಬ್ಯಾಟರಿಯನ್ನು ಕಂಡು, ಇವನ ಊಟ ಆಗಿದೆ ಅಂತ ಅಡುಗೆಮನೆ ಬಾಗಿಲು ಹಾಕಿಬಿಟ್ಟಿದೆ. ಬ್ಯಾಟರಿ ಹಸಿದು ಹಸಿದು ಸತ್ತಿದೆ. ಡ್ರ್ಯಾಗ್ ರೇಸಿನವರಿಗೆ ಈ ತೊಂದರೆ ಇಲ್ಲ. ಅವರ ಕಾರು ಓಡುವುದು ಕಾಲು ಮೈಲಿ, ಅಂದರೆ 402 ಮೀಟರ್. ಓಟ ಮುಗಿದ ಮೇಲೆ ತಳ್ಳಿಕೊಂಡು ಬಂದು ಚಾರ್ಜರ್‌ಗೆ ಹಾಕುತ್ತಾರೆ. ಡೊಂಬಿವಲಿಯಿಂದ ಮಾಟುಂಗಾ ಹತ್ತಿರ ಹತ್ತಿರ 40 ಕಿಲೋಮೀಟರು. ತಳ್ಳುವ ಭಾಗವನ್ನು ಮಾತ್ರ ನಾನು ಅವರಷ್ಟೇ ಚೆನ್ನಾಗಿ ಮಾಡಿದೆ, ಮಳೆಯಲ್ಲಿ, ಹೊಸ ಜುಬ್ಬಾ ಹಾಕಿಕೊಂಡು.

ಕಾರನ್ನು ಪಕ್ಕಕ್ಕಿಟ್ಟು ರಿಕ್ಷಾ ಹಿಡಿದು ಮುಂಬ್ರಾ ಸ್ಟೇಷನ್ನಿಗೆ ಬಂದೆವು. ಮಾವ ರಿಟೈರ್ ಆಗಿದ್ದು ರೈಲ್ವೆಯ ವಿದ್ಯುತ್ ವಿಭಾಗದಿಂದ. ಇದು ನನಗೆ ಮೊದಲೇ ನೆನಪಾಗಬಾರದಿತ್ತೇ? ಅವರು ತಲೆಯ ಮೇಲಿನ ತಂತಿ ತೋರಿಸಿದರು.

"ಇದು 1500 ವೋಲ್ಟ್ ಡಿಸಿ ಇತ್ತು. 25,000 ವೋಲ್ಟ್ ಎಸಿ ಮಾಡಿದೆವು. ಸಿಎಸ್‌ಟಿ ಸ್ಟೇಷನ್ನಿನವರೆಗೆ ಮುಗಿಯುವಾಗ 2015. ಎರಡರಲ್ಲೂ ಓಡುವ ಗಾಡಿಗಳನ್ನು ಮೊದಲು ತಂದು, ಆಮೇಲೆ ತಂತಿಗೆ ಕೈ ಹಾಕಿದ್ದು."

"ನಾನು ಬರೀ ನಾಲ್ಕು ವೋಲ್ಟ್ ಏರಿಸಿದ್ದು, ಮಾವ."

"ಅದೇ ನೋಡಿ," ಅಂದರು.

ಲೋಕಲ್ ಬಂತು. ಒಳಗೆ ಎಲ್ಲ ದೀಪವೂ ಉರಿಯುತ್ತಿತ್ತು. ಹೆಂಡತಿ ಕಿಟಕಿ ಪಕ್ಕದ ಸೀಟು ಹಿಡಿದು, ಏನೂ ಮಾತಾಡದೆ, ಮಾಟುಂಗಾವರೆಗೂ ಆ ದೀಪಗಳನ್ನೇ ನೋಡುತ್ತಾ ಕೂತಳು.