ಖಾಲಿ ಜಾಗದ ರಹಸ್ಯ

ನಿನ್ನೆ ರಾತ್ರಿ 99 ರೂಪಾಯಿ ತೆತ್ತು ಷರ್ಲಾಕ್ ಹೋಮ್ಸ್ ಕಥೆಗಳ ಇ-ಪುಸ್ತಕ ಕೊಂಡೆ. 1903ರ 'ಡ್ಯಾನ್ಸಿಂಗ್ ಮೆನ್' ಓದುವ ಆಸೆ. ಕುಣಿಯುವ ಕಡ್ಡಿ ಮನುಷ್ಯರ ಚಿತ್ರಗಳೇ ಅದರಲ್ಲಿ ಗುಪ್ತಲಿಪಿ. ಅದನ್ನು ಬಿಡಿಸುವುದೇ ಕಥೆ. ಹೋಮ್ಸ್ ಮೇಜಿನ ಮೇಲೆ ಕಾಗದ ಎಸೆದ. ನಾನೂ ಬಗ್ಗಿ ನೋಡಿದೆ. ಖಾಲಿ ಜಾಗ! ಮುಂದಿನ ಸಂದೇಶ? ಅದೂ ಖಾಲಿ. ಯಾವ ಕೊಲೆಗಾರ ಇಷ್ಟು ಅಚ್ಚುಕಟ್ಟಾಗಿ ಸಾಕ್ಷ್ಯ ನಾಶ ಮಾಡಿಯಾನು?

ಇದೇನು ಮೊದಲ ಸಲವೇ? ಇ-ಪುಸ್ತಕ ಮಾಡುವವರು ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ಓದುವ ಯಂತ್ರದ ಬಾಯಿಗೆ ತುರುಕುತ್ತಾರೆ. ಅದು ಸಿ ಮತ್ತು ಎಲ್ ಅಕ್ಷರಗಳನ್ನು ಅಂಟಿಸಿ ಡಿ ಎಂದು ಓದುತ್ತದೆ. ಪತ್ತೇದಾರನ 'ಕ್ಲೂ' ಎಲ್ಲ 'ಡ್ಯೂ' ಆಗುತ್ತದೆ. ಪಾಪ, ಅವನು ಕೊಲೆಯ ಸುಳಿವು ಹುಡುಕುತ್ತಿದ್ದಾನೋ ಬಾಕಿ ವಸೂಲಿಗೆ ಹೊರಟಿದ್ದಾನೋ? ವಾಕ್ಯದ ನಡುವೆ ಪುಟಸಂಖ್ಯೆ ಬೇರೆ, ಊಟದಲ್ಲಿ ಕಲ್ಲು ಸಿಕ್ಕಂತೆ.

ವಿಲ್ಕಿ ಕಾಲಿನ್ಸ್‌ನ 'ಮೂನ್‌ಸ್ಟೋನ್' ಕಾದಂಬರಿಯನ್ನು ಒಬ್ಬರ ನಂತರ ಒಬ್ಬರು ನಿರೂಪಿಸುತ್ತಾರೆ. ನಾನು ಕೊಂಡ ಪ್ರತಿಯಲ್ಲಿ ಭಾಗಗಳ ಶೀರ್ಷಿಕೆಗಳೇ ಮಾಯ. ಮುದಿ ಮೇಲ್ವಿಚಾರಕ ಬೆಟರೆಜ್ ಇದ್ದಕ್ಕಿದ್ದಂತೆ ಧರ್ಮಬೋಧೆಗೆ ಇಳಿದದ್ದು ಕಂಡು ಬೆಚ್ಚಿದೆ. ನಾಲ್ಕು ಪುಟ ದಾಟಿದ ಮೇಲೆ ತಿಳಿಯಿತು, ಮಾತನಾಡುತ್ತಿರುವುದು ಮುಂದಿನ ನಿರೂಪಕಿ ಮಿಸ್ ಕ್ಲ್ಯಾಕ್.

ಹಕ್ಕುಸ್ವಾಮ್ಯ ಮುಗಿದ ಕೃತಿ, ಲೇಖಕನಿಗೆ ಬಿಡಿಗಾಸು ಕೊಡಬೇಕಿಲ್ಲ. ಒಮ್ಮೆ ಓದಿ ನೋಡಲೂ ಆಗುವುದಿಲ್ಲವೇ? ಮುಖಪುಟದಲ್ಲಿ ಹೋಮ್ಸ್ ಗಗನಚುಂಬಿಗಳ ನಡುವೆ ನಿಂತಿದ್ದಾನೆ. ಕೆಳಗೆ ಚಿನ್ನದ ಬಣ್ಣದಲ್ಲಿ ಬರೆದಿದ್ದಾರೆ: ಸಚಿತ್ರ ಆವೃತ್ತಿ.